ಎಳ್ಳಿನ ಹೆಸರಿನ ಯಂತ್ರದ ಕರೆಂಟ್ ಬಿಲ್ಲು

ಎಲ್ಲರಿಗೂ ನಮಸ್ಕಾರ. ಯುರೋಪಿಗೂ ಅರಬ್ ದೇಶಗಳಿಗೂ ನಡುವಿನ ವಿಜ್ಞಾನ ಸಹಕಾರದ ಬಗ್ಗೆ ಮಾತಾಡಿ ಅಂದಿದ್ದಾರೆ. ಒಪ್ಪಂದಗಳ ಪಟ್ಟಿ ಓದಿದರೆ ನೀವು ಮೆಲ್ಲಗೆ ಕಾಫಿ ಕಡೆ ಜಾರುತ್ತೀರಿ. ಅದಕ್ಕೇ ಒಂದು ಕರೆಂಟ್ ಬಿಲ್ಲಿನ ಕಥೆ ಹೇಳುತ್ತೇನೆ.

ಜೋರ್ಡಾನ್‌ನ ಅಮ್ಮಾನ್ ಹತ್ತಿರ ಅಲ್ಲಾನ್ ಅಂತ ಊರಿದೆ. ಅಲ್ಲೊಂದು ಸಿಂಕ್ರೋಟ್ರಾನ್ ಇದೆ, ಅಂದರೆ ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಭಾರಿ ವೇಗದಲ್ಲಿ ಸುತ್ತಿಸಿ ಬೆಳಕು ಪಡೆಯುವ ಯಂತ್ರ. ಅದರ ಹೆಸರು ‘ಸೆಸಮಿ’. ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳು ಅವು. ಆದರೆ ಸೆಸಮಿ ಅಂದರೆ ಎಳ್ಳು ಅಲ್ವಾ? ಜೋರ್ಡಾನ್, ಈಜಿಪ್ಟ್, ಪ್ಯಾಲೆಸ್ಟೀನ್ ಜೊತೆಗೆ ಇಸ್ರೇಲ್, ಇರಾನ್, ಟರ್ಕಿ, ಸೈಪ್ರಸ್, ಪಾಕಿಸ್ತಾನವೂ ಇದರ ಸದಸ್ಯರು. ಇಸ್ರೇಲ್, ಇರಾನ್ ಒಂದೇ ಮೇಜಿಗೆ! ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಅನ್ನುವ ನಮಗೆ ಈ ಹೆಸರು ಸುಮ್ನೆ ಬಂದದ್ದು ಅನಿಸುವುದಿಲ್ಲ.

ಶುರುವಾದದ್ದು 1997ರಲ್ಲಿ. ಬರ್ಲಿನ್‌ನಲ್ಲಿದ್ದ ಇದೇ ಜಾತಿಯ ‘ಬೆಸ್ಸಿ-1’ ಯಂತ್ರಕ್ಕೆ ವಯಸ್ಸಾಗಿತ್ತು. ಗುಜರಿಗೆ ಹಾಕುವ ಬದಲು ಮಧ್ಯಪ್ರಾಚ್ಯಕ್ಕೆ ಕೊಡೋಣ ಅಂದರು ಇಬ್ಬರು ವಿಜ್ಞಾನಿಗಳು. ಜರ್ಮನಿ ಕೊಟ್ಟಿತು. ಆ ಹಳೆಯ ಭಾಗಗಳು ಈಗ ಎಲೆಕ್ಟ್ರಾನುಗಳಿಗೆ ಮೊದಲ ಓಟ ಕೊಡುತ್ತವೆ. 133 ಮೀಟರ್ ಸುತ್ತಳತೆಯ ಮುಖ್ಯ ಉಂಗುರ ಹೊಸದು. ಅದರ ಮ್ಯಾಗ್ನೆಟ್‌ಗಳನ್ನು ಯುರೋಪಿಯನ್ ಒಕ್ಕೂಟದ ದುಡ್ಡಲ್ಲಿ ಸರ್ನ್, ಅಂದರೆ ಜಿನೀವಾ ಹತ್ತಿರದ ಯುರೋಪಿನ ಕಣ ವಿಜ್ಞಾನ ಸಂಸ್ಥೆ, ಮಾಡಿಸಿಕೊಟ್ಟಿತು. 2013ರ ಡಿಸೆಂಬರ್‌ನಲ್ಲಿ ಹಿಮ ಬಿದ್ದು ಕಟ್ಟಡದ ಚಾವಣಿಯೇ ಕುಸಿಯಿತು. ಹೌದು, ಜೋರ್ಡಾನ್‌ನಲ್ಲಿ ಹಿಮ! ಅಂತೂ 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು.

ಈಗ ಬಿಲ್ಲಿಗೆ ಬರೋಣ. ಎಲೆಕ್ಟ್ರಾನು ಪ್ರತಿ ತಿರುವಿನಲ್ಲೂ ಬೆಳಕು ಚೆಲ್ಲುತ್ತದೆ. ವಸ್ತುಗಳ ಒಳಗನ್ನು ನೋಡಲು ನಮಗೆ ಬೇಕಾದದ್ದೇ ಆ ಬೆಳಕು, ಅದರಲ್ಲೂ ಎಕ್ಸ್-ರೇ. ಆದರೆ ಚೆಲ್ಲಿದಷ್ಟೂ ಅದರ ಶಕ್ತಿ ಇಳಿಯುತ್ತದೆ. ಪ್ರತಿ ಸುತ್ತಿಗೂ ಮತ್ತೆ ತುಂಬಬೇಕು. ಮ್ಯಾಗ್ನೆಟ್‌ಗಳಿಗೆ ಕರೆಂಟು, ಅವು ಕಾಯದಂತೆ ನೀರು ಓಡಿಸುವ ಪಂಪಿಗೂ ಕರೆಂಟು. ಜೋರ್ಡಾನ್‌ನಲ್ಲೋ ಇಂಧನದ ಬಹುಪಾಲು ಹೊರಗಿಂದ ಬರಬೇಕು. 2011ರಿಂದ ಈಜಿಪ್ಟಿನ ಗ್ಯಾಸ್ ಪೈಪ್‌ಲೈನ್ ಮೇಲೆ ಮೇಲಿಂದ ಮೇಲೆ ದಾಳಿ ಆಗಿ ಕರೆಂಟು ಇನ್ನೂ ತುಟ್ಟಿಯಾಯಿತು. ಯಂತ್ರ ಕಟ್ಟುವುದಕ್ಕಿಂತ ಓಡಿಸುವುದೇ ಕಷ್ಟ ಅನ್ನುವ ಹಾಗಾಯಿತು. ಆನೆ ದಾನ ಕೊಟ್ಟರು ಸರಿ, ಮೇವು ಯಾರು ಕೊಡ್ತಾರೆ?

ಮೇವು ಮೇಲಿಂದ ಸಿಕ್ಕಿತು. ಯುರೋಪಿಯನ್ ಒಕ್ಕೂಟ ಜೋರ್ಡಾನ್ ಸರ್ಕಾರದ ಮೂಲಕ ಸುಮಾರು 70 ಲಕ್ಷ ಡಾಲರ್ ಕೊಟ್ಟಿತು. 6.48 ಮೆಗಾವಾಟ್‌ನ ಸೋಲಾರ್ ಸ್ಥಾವರ ಎದ್ದು, 2019ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಪ್ಯಾನೆಲ್‌ಗಳು ಯಂತ್ರದ ಚಾವಣಿ ಮೇಲಿಲ್ಲ. ಸುಮಾರು 30 ಕಿಲೋಮೀಟರ್ ಆಚೆ ಇವೆ. ಅಲ್ಲಿಂದ ಕರೆಂಟು ಗ್ರಿಡ್‌ಗೆ ಹೋಗುತ್ತದೆ, ಅಷ್ಟನ್ನು ಯಂತ್ರದ ಬಿಲ್ಲಿನಲ್ಲಿ ಕಳೆಯುತ್ತಾರೆ. ನಮ್ಮಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಿದವರಿಗೆ ಈ ಲೆಕ್ಕ ಗೊತ್ತು.

ಪಾವಗಡದ 2,050 ಮೆಗಾವಾಟ್ ಮುಂದೆ ಇದು ಚಿಕ್ಕದು, ಒಪ್ಪುತ್ತೇನೆ. ಆದರೆ ಪೂರ್ತಿ ಸೌರಶಕ್ತಿಯ ಲೆಕ್ಕದಲ್ಲಿ ಓಡುವ ಮೊದಲ ದೊಡ್ಡ ಆಕ್ಸಿಲರೇಟರ್, ಅಂದರೆ ಕಣಗಳಿಗೆ ವೇಗ ಕೊಡುವ ಯಂತ್ರ, ಇದೇ. ಮಣ್ಣಿನಲ್ಲಿ ಯಾವ ಲೋಹ ಎಷ್ಟು ಸೇರಿದೆ ಅಂತ ನೋಡುವ ಕೆಲಸಕ್ಕೂ ಇದರ ಬೆಳಕು ಒದಗುತ್ತದೆ. ಅಂದರೆ ಬಿಸಿಲು ಒಂದು ಸುತ್ತು ಹಾಕಿ, ಎಕ್ಸ್-ರೇ ಆಗಿ ಆ ನೆಲದ ಮಣ್ಣಿಗೇ ಬಂದು ಬೀಳುತ್ತದೆ.

ನಮ್ಮ ಇಂದೋರ್‌ನ ‘ಇಂಡಸ್-2’ ಕೂಡ ಇದೇ ಜಾತಿಯ ಯಂತ್ರ. ಇವೆರಡರಲ್ಲೂ ಎಲೆಕ್ಟ್ರಾನಿಗೆ ಸಿಗುವ ಶಕ್ತಿ ಒಂದೇ, 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್. ಅದಕ್ಕೂ ಬಿಲ್ಲು ಬರುತ್ತದೆ. ಆ ಬಗ್ಗೆ ಪ್ರಶ್ನೆ ಇದ್ದರೆ ಈಗ ಕೇಳಿ, ಮೈಕ್ ಹಿಂದಿನ ಸಾಲಿಗೆ ಕಳಿಸುತ್ತೇನೆ.