ಕಿಟಕಿಯಿಲ್ಲದ ಕೋಣೆ, ಮಡಿಕೆಬಿದ್ದ ಪರದೆ

ಕೇಳುಗರಿಗೆ ನಮಸ್ಕಾರ.

ರೋಮ್‌ನ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿನಲ್ಲಿ ಇಟಲಿಯ ಶಿಲ್ಪಿ ಬರ್ನೀನಿ ಕಡೆದ, ಸ್ಪೇನಿನ ಸನ್ಯಾಸಿನಿ ಸಂತ ತೆರೇಸಾಳ ಅಮೃತಶಿಲೆಯ ವಿಗ್ರಹವಿದೆ. 1647ರಿಂದ 1652ರ ನಡುವಿನ ಕೆಲಸ. ಮುಖ, ಕೈ, ಪಾದ ಬಿಟ್ಟರೆ ಮಿಕ್ಕದ್ದೆಲ್ಲ ನಿಲುವಂಗಿಯ ನೆರಿಗೆಯೇ. ಒಳಗೆ ಮೊಣಕಾಲೆಲ್ಲಿ, ಸೊಂಟವೆಲ್ಲಿ ಎಂದು ಆ ನೆರಿಗೆ ನೋಡಿ ಹೇಳುವುದು ಕಷ್ಟ. ಮೇಲಿನಿಂದ ಬೆಳಕು ಬೀಳುತ್ತದೆ, ಅದು ಬರುವ ಕಿಟಕಿ ಮಾತ್ರ ಮರೆಯಲ್ಲಿದೆ.

ಬರ್ನೀನಿಯ ಕಾಲದ ಈ ಯುರೋಪಿಯನ್ ಕಲಾಶೈಲಿಯ ಹೆಸರು ಬರೋಕ್. ಬರೋಕ್ ಎಂದರೆ ಅತಿಯಾದ ಅಲಂಕಾರ ಎನ್ನುವುದು ರೂಢಿ. ಫ್ರೆಂಚ್ ತತ್ತ್ವಜ್ಞಾನಿ ಜಿಲ್ ಡೆಲ್ಯೂಜ್ ಹಾಗೆ ನೋಡಲಿಲ್ಲ. ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್‌ನನ್ನೂ ಬರೋಕನ್ನೂ ಕುರಿತ ಅವರ ‘ಮಡಿಕೆ’ ಪುಸ್ತಕ 1988ರಲ್ಲಿ ಬಂತು. ಅಲ್ಲಿ ಬರೋಕ್ ಒಂದು ಕ್ರಿಯೆ, ಮಡಿಕೆಯನ್ನು ಎಲ್ಲೂ ಮುಗಿಸದೆ ಮಡಿಚುತ್ತಲೇ ಹೋಗುವುದು. 1990ರ ದಶಕದ ಹಲವು ವಾಸ್ತುಶಿಲ್ಪಿಗಳು ಇದನ್ನೋದಿ ಕಂಪ್ಯೂಟರಿನಲ್ಲಿ ಗೋಡೆ ಬಾಗಿಸತೊಡಗಿದರು. ಕ್ರಿಯೆಯನ್ನು ಬಿಟ್ಟು ಆಕಾರವನ್ನು ಹಿಡಿದರೆ ಆಗುವುದು ಇದೇ.

ಡೆಲ್ಯೂಜರ ಬರೋಕ್ ಮನೆಗೆ ಎರಡು ಅಂತಸ್ತು. ಕೆಳಗಿನದು ದೇಹದ್ದು, ಐದು ಇಂದ್ರಿಯಗಳೇ ಅದರ ಕಿಂಡಿಗಳು. ಮೇಲಿನದು ಆತ್ಮದ್ದು, ಕಿಟಕಿಯೇ ಇಲ್ಲ. ಮನಸ್ಸನ್ನು ಕತ್ತಲೆಕೋಣೆಗೆ ಹೋಲಿಸಿದವನು ಇಂಗ್ಲಿಷ್ ತತ್ತ್ವಜ್ಞಾನಿ ಲಾಕ್. ಲೈಬ್ನಿಟ್ಸ್ ಆ ಕೋಣೆಯೊಳಗೆ ಒಂದು ಪರದೆ ಬಿಗಿದ. ಅದು ಸಪಾಟಾಗಿಲ್ಲ, ಅದರ ಮಡಿಕೆಗಳೇ ಹುಟ್ಟಿನಿಂದ ಬಂದ ಅರಿವು. ಕೆಳಗೆ ಏನೋ ಕದಲಿದರೆ ಮೇಲಿನ ಪರದೆ ಕಂಪಿಸುತ್ತದೆ.

ಹಾಗಾದರೆ ಆಲೋಚನೆ ಹುಟ್ಟುವುದೆಲ್ಲಿ? ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ ಸ್ಪಷ್ಟತೆಯಿಂದಲೇ ಹೊರಡುತ್ತಾನೆ. ಲೈಬ್ನಿಟ್ಸ್ ಕಡಲ ಮೊರೆತಕ್ಕೆ ಕಿವಿಗೊಡು ಎನ್ನುತ್ತಾನೆ. ಒಂದೊಂದು ಅಲೆಯ ಸದ್ದನ್ನು ಬಿಡಿಸಿ ಕೇಳಲಾರೆವು, ಆದರೂ ಅದು ತುಸುವಾದರೂ ಕಿವಿಗೆ ಬಿದ್ದಿರಲೇಬೇಕು. ಲಕ್ಷ ಸೊನ್ನೆ ಕೂಡಿಸಿದರೂ ಸೊನ್ನೆಯೇ ತಾನೆ. ಡೆಲ್ಯೂಜ್ ಇದಕ್ಕೆ ಕ್ಯಾಲ್ಕುಲಸ್ ಅನ್ನು, ಅಂದರೆ ಅತಿ ಸಣ್ಣ ಬದಲಾವಣೆಗಳ ಗಣಿತವನ್ನು, ಜೋಡಿಸುತ್ತಾರೆ. ಹಳದಿ ಕಣ, ನೀಲಿ ಕಣ ಎರಡೂ ಕಣ್ಣಿಗೆ ಕಾಣದಷ್ಟು ಸಣ್ಣವಾದಾಗ ಅವುಗಳ ನಡುವಿನ ಸಂಬಂಧದಿಂದ ಹಸಿರು ಮೂಡುತ್ತದೆ. ಮಬ್ಬಿನೊಳಗಿನಿಂದಲೇ ಸ್ಪಷ್ಟತೆ ಏಳಬೇಕು. ಇಟಲಿಯ ಚಿತ್ರಕಾರ ಕರವಾಜ್ಜೊ ಮಾಡಿದ್ದೂ ಅದನ್ನೇ. ಕ್ಯಾನ್ವಾಸಿಗೆ ಬಿಳಿಯ ಬದಲು ಕಂದುಗೆಂಪು ತಳಬಣ್ಣ ಬಳಿದು, ಆ ಕತ್ತಲೆಯಿಂದ ಆಕೃತಿಗಳನ್ನು ಎಬ್ಬಿಸಿದ.

ಒಂದು ಕಡೆ ಮಾತ್ರ ಡೆಲ್ಯೂಜ್ ಲೈಬ್ನಿಟ್ಸ್‌ನ ಜೊತೆ ಬಿಡುತ್ತಾರೆ. ಬೈಬಲ್ಲಿನ ಮೊದಲ ಮನುಷ್ಯ ಆದಾಮ ಪಾಪ ಮಾಡಿದ ಜಗತ್ತೂ ಮಾಡದ ಜಗತ್ತೂ ಒಟ್ಟಿಗೆ ಇರಲಾರವು, ದೇವರು ಒಂದನ್ನೇ ಆರಿಸುತ್ತಾನೆ ಎನ್ನುವುದು ಲೈಬ್ನಿಟ್ಸ್‌ನ ವಾದ. ಒಂದಕ್ಕೊಂದು ಹೊಂದದ ಘಟನೆಗಳ ಸರಣಿಗಳೂ ಇದೇ ಜಗತ್ತಿನಲ್ಲಿ ಹೆಣೆದುಕೊಂಡಿವೆ ಎನ್ನುತ್ತಾರೆ ಡೆಲ್ಯೂಜ್. ಹಾಗಿದ್ದ ಮೇಲೆ ಆತ್ಮದ ಆ ಕಿಟಕಿಯಿಲ್ಲದ ಕೋಣೆ ಪೂರ್ತಿ ಮುಚ್ಚಿರಲು ಸಾಧ್ಯವಿಲ್ಲ, ಅರ್ಧವಾದರೂ ತೆರೆದಿರಬೇಕು. ನಮಸ್ಕಾರ.