ಕಾಂಡಕೊರಕಕ್ಕೆ ಹಾಕಿದ್ದು ಏಡಿಗೆ ಯಾಕೆ ತಗುಲಿತು?

ನಮಸ್ಕಾರ. ಸಕಲೇಶಪುರದ ಕಡೆಯ ವೀಕ್ಷಕರೊಬ್ಬರ ಪ್ರಶ್ನೆ ಇದು. "ಗದ್ದೆಗೆ ಹರಳು ಔಷಧಿ ಹಾಕಿದ್ದು ಕಾಂಡಕೊರಕ ಹುಳಕ್ಕೆ. ಆಮೇಲೆ ನೋಡಿದರೆ ಏಡಿಗಳೆಲ್ಲ ಅಂಗಾತ ಬಿದ್ದಿವೆ. ಏಡಿ ಏನು ಹುಳನಾ ಸಾರ್?"

ಹೆಚ್ಚುಕಮ್ಮಿ ಹೌದು! ಏಡಿ, ಸೀಗಡಿ, ಕೀಟ ಎಲ್ಲ ಒಂದೇ ದೊಡ್ಡ ಬಳಗ. ಕೀಲಿರುವ ಕಾಲು, ಮೈಮೇಲೆ ಗಟ್ಟಿ ಹೊದಿಕೆ. ನರಗಳ ಏರ್ಪಾಡೂ ಹತ್ತಿರಹತ್ತಿರ ಒಂದೇ. ಕೀಟನಾಶಕಗಳಲ್ಲಿ ಬಹುಪಾಲು ಹೊಡೆಯುವುದು ನರಕ್ಕೇ. ಬೇಸಿಕ್ಸ್ ಇಷ್ಟು ಸಾಕು.

[ಪರದೆ: ಹರಳಿನ ಪ್ಯಾಕೆಟ್, ಹೆಸರು ಮಸುಕು]

ಈಗ ನನಗೆ ಬಲು ಇಷ್ಟವಾದ ಕತೆ. ಭತ್ತಕ್ಕೆ ಹಾಕುವ ಹರಳುಗಳಲ್ಲಿ ಕಾರ್ಟಾಪ್ ಅಂತ ಒಂದಿದೆ. ಅದರ ಹುಟ್ಟೂರು ಜಪಾನಿನ ಸಮುದ್ರ ತೀರ. ಅಲ್ಲಿನ ಮೀನುಗಾರರು ಗಾಳಕ್ಕೆ ಒಂದು ಜಾತಿಯ ಸಮುದ್ರದ ಹುಳು ಸಿಕ್ಕಿಸುತ್ತಿದ್ದರು. ಸತ್ತ ಹುಳುವಿನ ಮೇಲೆ ಕೂತ ನೊಣಗಳು ಸಾಯುತ್ತಿದ್ದವು. 1934ರಲ್ಲಿ ನಿಟ್ಟಾ ಎಂಬ ವಿಜ್ಞಾನಿ ಆ ವಿಷವನ್ನು ಬೇರ್ಪಡಿಸಿದರು. ಹೆಸರು ನೆರೀಸ್‌ಟಾಕ್ಸಿನ್. ಅದನ್ನೇ ಮಾದರಿಯಾಗಿಟ್ಟುಕೊಂಡು 1960ರ ದಶಕದಲ್ಲಿ ಟಕೇಡಾ ಕಂಪನಿ ಕಾರ್ಟಾಪ್ ತಂದಿತು. ಅಂದರೆ ಮೀನಿಗೆ ಆಸೆ ತೋರಿಸಲು ಗಾಳಕ್ಕೆ ಹಾಕಿದ ಹುಳು, ಸುತ್ತಿ ಬಳಸಿ ಮೀನಿಗೇ ವಿಷವಾಗಿ ಗದ್ದೆಗೆ ಇಳಿಯಿತು!

ಕೆಲಸ ಮಾಡುವ ರೀತಿ ಇನ್ನೂ ಮಜವಾಗಿದೆ. ಥಿಮೆಟ್ ಥರದ ಹಳೆಯ ವಿಷ ಬಿದ್ದರೆ ನರಕ್ಕೆ ಬಂದ ಫೋನ್ ಕಾಲ್ ಕಟ್ಟೇ ಆಗಲ್ಲ, ರಿಂಗ್ ಆಗ್ತಾನೇ ಇರುತ್ತೆ. ಹುಳ ಒದ್ದಾಡಿ ಸಾಯುತ್ತದೆ. ಕಾರ್ಟಾಪ್ ಬಿದ್ದರೆ ಮಳೆಗಾಲದ ಮೂಡಿಗೆರೆ: ನೆಟ್‌ವರ್ಕೇ ಇಲ್ಲ. ಹುಳ ಸುಮ್ನೆ ಕೂತು, ತಿನ್ನೋದು ಬಿಟ್ಟು ಸಾಯುತ್ತದೆ. ಅಂದಹಾಗೆ ಥಿಮೆಟ್, ಅಂದರೆ ಫೋರೇಟ್ ಬಳಕೆಯನ್ನು 2020ರ ಕೊನೆಗೆ ನಿಲ್ಲಿಸಬೇಕು ಎಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿತ್ತು. ಅಟ್ಟದ ಮೇಲೆ ಹಳೇ ಪ್ಯಾಕೆಟ್ ಇದ್ದರೆ ದಯವಿಟ್ಟು ಗದ್ದೆಗೆ ತರಬೇಡಿ.

ಮೀನಿನ ಲೆಕ್ಕ ನೋಡಿ. ಭತ್ತಕ್ಕೆ ಸಿಂಪಡಿಸುವ ಇನ್ನೊಂದು ಕೀಟನಾಶಕ ಲ್ಯಾಂಬ್ಡಾ ಸೈಹಲೋಥ್ರಿನ್, ಪ್ರಯೋಗಾಲಯದಲ್ಲಿ ಕೆಲವು ಮೀನುಗಳನ್ನು ಲೀಟರಿಗೆ 1 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಕೊಲ್ಲುತ್ತದೆ. ಒಂದು ಎಕರೆಯಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಸುಮಾರು 2 ಲಕ್ಷ ಲೀಟರ್. ಅಷ್ಟು ನೀರು ಕೆಡಲು 0.2 ಗ್ರಾಂ ಸಾಕು. ಭತ್ತಕ್ಕೆ ಹೊಡೆಯುವುದು ಎಕರೆಗೆ ಸುಮಾರು 5 ಗ್ರಾಂ! ಹೆಚ್ಚಿನದು ಎಲೆಗೆ, ಕೆಸರಿಗೆ ಅಂಟಿಕೊಳ್ಳುತ್ತದೆ ನಿಜ. ಆದರೆ ಏಡಿ ಇರೋದೇ ಕೆಸರಲ್ಲಿ ಅಲ್ವಾ?

ನಮ್ಮ ಮಲೆನಾಡಿನ ಗದ್ದೆ ಬೇರೆ ಮೆಟ್ಟಿಲು ಮೆಟ್ಟಿಲು. ಮೇಲಿನ ಗದ್ದೆ ನೀರು ಕೆಳಗಿನದಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ. ಅದೇ ದಾರಿಯಲ್ಲಿ ಮುಂಗಾರಿಗೆ ಹತ್ತುಮೀನು, ಅಂದರೆ ನೀರಿಗೆ ಎದುರಾಗಿ ಹತ್ತುವ ಮೀನುಗಳು, ಮೊಟ್ಟೆ ಇಡಲು ಮೇಲೆ ಬರುತ್ತವೆ.

ಟೈಮ್ ಆಯ್ತು, ಉಳಿದದ್ದು ಓಡಿಸ್ತೀನಿ. ಏರೋಪ್ಲೇನ್ ಚಿಟ್ಟೆಯ ಮರಿ ನೀರಲ್ಲಿ ಸೊಳ್ಳೆ ಮರಿ ತಿನ್ನುತ್ತದೆ. ಅದು ಸತ್ತರೆ ಬೇಗ ಮರಳಿ ಬರೋದು ಸೊಳ್ಳೆ. ಇಂಡೋನೇಷ್ಯಾ ಇಂಥದ್ದೇ ಪಾಠ ಕಲಿತು 1986ರಲ್ಲಿ ಭತ್ತಕ್ಕೆ 57 ಕೀಟನಾಶಕ ನಿಷೇಧಿಸಿತು. ಅಲ್ಲಿ ಜಿಗಿಹುಳು ತಿನ್ನುವ ಜೇಡ ಸತ್ತು, ಭತ್ತ ಕೆಡಿಸುವ ಆ ಜಿಗಿಹುಳು ಜಾಸ್ತಿಯಾಗಿತ್ತು.

ಮಾಡೋದೇನು? ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸಿ, ಕಾಂಡಕೊರಕದ ಮೊಟ್ಟೆ ಅಲ್ಲೇ ಇರುತ್ತದೆ. ಹುಳ ನೋಡದೆ ಹರಳು ಎರಚಬೇಡಿ. ಹಾಕಲೇಬೇಕಾದರೆ ಲೇಬಲ್ ಹೇಳಿದಷ್ಟು ದಿನ ಬದುವಿನ ಬಾಯಿ ಮುಚ್ಚಿ, ಜೋರು ಮಳೆ ಬರುವ ದಿನ ಬೇಡ. ಪಂಪ್ ಹಳ್ಳದಲ್ಲಿ ತೊಳೆಯೋರ ಬಗ್ಗೆ ನಾನೇನೂ ಹೇಳಲ್ಲ, ಹೇಳಿದರೆ ಈ ವಿಡಿಯೋಗೆ ಬೀಪ್ ಹಾಕಬೇಕಾಗುತ್ತೆ.