ಎಂ8 ಟ್ಯಾಪಿಗೆ 6.8 ಡ್ರಿಲ್ ಯಾಕೆ? 7 ಹಾಕಿದರೆ ಏನಾಗುತ್ತದೆ?

ನಮಸ್ಕಾರ. ಎಂ8 ಅಂದರೆ 8 ಮಿ.ಮೀ. ದಪ್ಪದ ಬೋಲ್ಟ್. ಅದು ಕೂರಲು ತೂತಿನೊಳಗೆ ಥ್ರೆಡ್, ಅಂದರೆ ಸುರುಳಿ ಹಲ್ಲು, ಕೊರೆಯುವ ಉಪಕರಣವೇ ಟ್ಯಾಪ್. ಎಂ8 ಟ್ಯಾಪ್ ಹೊಡೆಯಲು 6.8 ಡ್ರಿಲ್ ಬಿಟ್ ಬೇಕು ಅಂತ ಎಲ್ಲ ಚಾರ್ಟಿನಲ್ಲೂ ಇದೆ. ಆದರೆ ಅರ್ಧ ಅರ್ಧ ಮಿಲಿಮೀಟರ್ ಏರುವ ಮಾಮೂಲಿ ಸೆಟ್ಟಿನಲ್ಲಿ 6.5 ಇರುತ್ತದೆ, 7 ಇರುತ್ತದೆ, 6.8 ಇರುವುದಿಲ್ಲ. ಇರುವುದರಲ್ಲೇ ಒಂದನ್ನು ಹಾಕಬಹುದಾ?

[ಪರದೆ: ಬೋಲ್ಟಿನ ಥ್ರೆಡ್, ಹತ್ತಿರದಿಂದ]

ಪಿಚ್ ಅಂದರೆ ಒಂದು ಥ್ರೆಡ್‌ನಿಂದ ಪಕ್ಕದ ಥ್ರೆಡ್‌ಗೆ ಇರುವ ದೂರ. ಮಾಮೂಲಿ ಎಂ8ಕ್ಕೆ ಅದು 1.25 ಮಿ.ಮೀ. ಎಂಟರಲ್ಲಿ ಅದನ್ನು ಕಳೆಯಿರಿ: 6.75. ಅದಕ್ಕೆ ಹತ್ತಿರದ ಮಾಮೂಲಿ ಬಿಟ್ 6.8. ಲೆಕ್ಕ ಇಷ್ಟೇ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. 6.8 ಹಾಕಿದಾಗ ತೂತಿನೊಳಗೆ ಮೂಡುವುದು ಪೂರ್ತಿ ಥ್ರೆಡ್ ಅಲ್ಲ. ಪೂರ್ತಿ ಎತ್ತರದ ಸುಮಾರು 74% ಮಾತ್ರ! ಕಾಲು ಭಾಗ ಇಲ್ಲವೇ ಇಲ್ಲ. ಹಾಗಾದರೆ ಹಿಡಿತ ಕಮ್ಮಿಯಾಗಲ್ವಾ? ವರ್ಕ್‌ಶಾಪಿನವರು ಬಹಳ ಕಾಲದಿಂದ ನಂಬಿಕೊಂಡು ಬಂದ ಲೆಕ್ಕ ಹೀಗಿದೆ: 75% ಥ್ರೆಡ್‌ಗಿಂತ 100% ಥ್ರೆಡ್ ಬರೀ 5% ಗಟ್ಟಿ. ಆದರೆ ಟ್ಯಾಪ್ ತಿರುಗಿಸಲು ಸುಮಾರು ಮೂರು ಪಟ್ಟು ಬಲ ಬೇಕು.

[ಪರದೆ: ಥ್ರೆಡ್‌ನ ಅಡ್ಡ ಸೀಳಿದ ಚಿತ್ರ]

ಯಾಕೆ ಅಂತ ನೋಡಿ. ಒಳಗಿನ ಥ್ರೆಡ್ ಒಂದು ತ್ರಿಕೋನ. ಬುಡ ಗೋಡೆಯ ಕಡೆ, ತುದಿ ಬೋಲ್ಟಿನ ಕಡೆ. ಡ್ರಿಲ್ ಸ್ವಲ್ಪ ದೊಡ್ಡದಾದರೆ ಹೋಗುವುದು ತುದಿ ಮಾತ್ರ. ಈ ಥ್ರೆಡ್ ಕಿತ್ತು ಬರಬೇಕಾದರೆ ಬುಡದಲ್ಲಿ ಕತ್ತರಿಸಬೇಕು, ಆ ಬುಡವನ್ನು ಡ್ರಿಲ್ ಮುಟ್ಟಿಯೇ ಇಲ್ಲ. ಕಬ್ಬಿನ ಸೋಗೆ ಕತ್ತರಿಸಿದರೆ ಬುಡದ ಸಿಹಿ ಕಮ್ಮಿಯಾಗುವುದಿಲ್ಲ ಅಲ್ವಾ, ಹಾಗೇ. ಟ್ಯಾಪಿಗೆ ಮಾತ್ರ ಆ ತುದಿ ದೊಡ್ಡ ಕಾಟ. ತೂತು ಸಣ್ಣದಾದಷ್ಟೂ ಟ್ಯಾಪಿನ ಹಲ್ಲು ಲೋಹದಲ್ಲಿ ಪೂರ್ತಿ ಹೂತುಕೊಳ್ಳುತ್ತದೆ, ಕತ್ತರಿಸಿದ ಲೋಹದ ಚೂರು ಹೊರಬರಲು ಜಾಗ ಸಿಗುವುದಿಲ್ಲ.

ಈಗ ಉತ್ತರ. 6.5 ಹಾಕಿದರೆ 92% ಥ್ರೆಡ್. ದಯವಿಟ್ಟು ಬೇಡ. ಟ್ಯಾಪ್ ಒಳಗೇ ಮುರಿಯಬಹುದು, ಅದು ಎಷ್ಟು ಗಟ್ಟಿ ಲೋಹ ಅಂದರೆ ಮನೆಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. 7 ಹಾಕಿದರೆ 62%. ಎಂ8ರ ಮಾಮೂಲಿ ಒಳಥ್ರೆಡ್‌ಗೆ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ ಒಪ್ಪುವ ತೂತು 6.647ರಿಂದ 6.912ರವರೆಗೆ. ಏಳು ಅದರ ಆಚೆ. ಕಪಾಟಿನ ಹಿಡಿಕೆಗೆ ನಡೆದೀತು, ಗಾಡಿಯ ಬ್ರೇಕಿಗೆ ಖಂಡಿತ ಬೇಡ. 6.8 ಬಿಟ್ ಒಂದನ್ನು ಬಿಡಿಯಾಗಿ ತಂದಿಟ್ಟುಕೊಳ್ಳಿ.

ಸಮಯ ಆಗ್ತಾ ಇದೆ, ಉಳಿದದ್ದು ಬೇಗ ಬೇಗ. ಎಂ10ರಲ್ಲಿ 1.5, 1.25, 1 ಅಂತ ಬೇರೆ ಬೇರೆ ಪಿಚ್ ಸಿಗುತ್ತವೆ, ಡ್ರಿಲ್ ಕ್ರಮವಾಗಿ 8.5, 8.8, 9. ಹಾಗಾಗಿ ಮೊದಲು ಪಿಚ್ ಅಳೆಯುವ ಹಲ್ಲಿನ ಪಟ್ಟಿ, ಅಂದರೆ ಥ್ರೆಡ್ ಗೇಜ್, ಇಟ್ಟು ನೋಡಿ. ಕ್ಯಾಮೆರಾ ಟ್ರೈಪಾಡಿನ ಕಾಲು ಇಂಚು ಸ್ಕ್ರೂಗೆ ಇಂಚಿಗೆ 20 ಥ್ರೆಡ್, ಅಂದರೆ ಪಿಚ್ 1.27. ಗೇಜಿನ 1.25 ಹಲ್ಲು ಅದಕ್ಕೂ ಕೂತ ಹಾಗೇ ಕಾಣುತ್ತದೆ, ಅದಕ್ಕೇ ವರ್ನಿಯರಿನಲ್ಲಿ ದಪ್ಪವನ್ನೂ ಅಳೆಯಿರಿ. ಕಾಲು ಇಂಚು ಅಂದರೆ 6.35 ಮಿ.ಮೀ., ಅದರಲ್ಲಿ 1.27 ಕಳೆದರೆ 5.08, ಡ್ರಿಲ್ 5.1. ಇನ್ನು ಲೋಹವನ್ನು ಕತ್ತರಿಸದೆ ಒತ್ತಿ ಥ್ರೆಡ್ ಮೂಡಿಸುವ ಫಾರ್ಮ್ ಟ್ಯಾಪ್ ಇದ್ದರೆ ಈ ಕಳೆಯುವ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎಂ8ಕ್ಕೆ 7.4 ಡ್ರಿಲ್ ಬೇಕು.